ಹೋಟೆಲ್ ರೂಮ್ ಕ್ಲೀನ್ ಮಾಡುವವರಿಗೆ ಟಿಪ್ಸ್: ಎಷ್ಟು, ಯಾವಾಗ, ಯಾರ ಕೈಗೆ?

ಹಾಸನದ ಹೈದ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಡಿಕೇರಿ ಹತ್ತಿರ ಒಂದು ರೆಸಾರ್ಟ್‌ನಲ್ಲಿ ನಾಲ್ಕು ರಾತ್ರಿ ಇರುತ್ತೇವೆ. ಎರಡು ರೂಮು. ಒಂದರಲ್ಲಿ ಅಪ್ಪ ಅಮ್ಮ, ಇನ್ನೊಂದರಲ್ಲಿ ನಾವಿಬ್ಬರು ಮತ್ತು ಮಕ್ಕಳು.

ಊಟದ ಬಿಲ್ಲಿನ ಜೊತೆ ಟಿಪ್ಸ್ ಇಡುವುದು ಗೊತ್ತು. ಬ್ಯಾಗ್ ತರುವ ಹುಡುಗ ಬಾಗಿಲಲ್ಲೇ ನಿಂತಿರುತ್ತಾನೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆದರೆ ರೂಮ್ ಕ್ಲೀನ್ ಮಾಡುವವರು ನಾವು ಅಬ್ಬಿ ಜಲಪಾತ, ತಲಕಾವೇರಿ ಅಂತ ಸುತ್ತುತ್ತಿರುವಾಗ ಬಂದು ಹೋಗಿರುತ್ತಾರೆ. ಮುಖವೇ ಕಾಣುವುದಿಲ್ಲ. ಅವರಿಗೂ ಕೊಡುವ ರೂಢಿ ಇದೆಯಾ? ಎಷ್ಟು? ಕೊನೇ ದಿನ ರಿಸೆಪ್ಷನ್‌ನಲ್ಲಿ ಒಟ್ಟಿಗೆ ಕೊಟ್ಟರೆ ಸಾಕಾ?

ಮನೆಯಲ್ಲಿ ಆಗಲೇ ಎರಡು ಪಾರ್ಟಿ ಆಗಿದೆ. ಹೆಂಡತಿ ದಿಂಬಿನ ಮೇಲೆ ಇನ್ನೂರು ಇಟ್ಟು ಬರೋಣ ಎನ್ನುತ್ತಾಳೆ. ಅಪ್ಪ "ರೂಮಿಗೆ ಅಷ್ಟು ಕೊಟ್ಟಿದ್ದೀವಲ್ಲ, ಗುಡಿಸೋದಕ್ಕೂ ಬೇರೆ ದುಡ್ಡಾ?" ಎನ್ನುತ್ತಾರೆ.

ಗಾಂಧಿಬಜಾರ್ ಗಿರಾಕಿ

ನನ್ನ ಓಟು ನಿಮ್ಮ ಅಪ್ಪನಿಗೆ. ರಾತ್ರಿಗೆ ಆರೇಳು ಸಾವಿರ ವಸೂಲಿ ಮಾಡುವ ರೆಸಾರ್ಟು ತನ್ನ ಕೆಲಸದವರಿಗೆ ನೆಟ್ಟಗೆ ಸಂಬಳ ಕೊಡಲಿ. ಬ್ಯಾಂಕಿನ ಕ್ಯಾಷಿಯರ್‌ಗೆ ಟಿಪ್ಸ್ ಕೊಡುತ್ತೇವಾ? ಕೊಡುವ ಚಟ ಶುರು ಮಾಡುವವರೂ ನಾವೇ. ಆಮೇಲೆ ಕೊಡದವನನ್ನು ಜಿಪುಣ ಅನ್ನುವ ಹಾಗೆ ನೋಡುವುದೂ ನಾವೇ.

ಕಡಲತಡಿ

ನಾನು ದಿನಕ್ಕೆ ನೂರು ಇಟ್ಟು ಬರುತ್ತೇನೆ. ಯಾರೂ ಬೇಡ ಅಂದಿಲ್ಲ.

ಟ್ರಾಲಿ ತಳ್ಳಿದವನು

ನಾನು ಹೌಸ್‌ಕೀಪಿಂಗ್‌ನಲ್ಲಿ ಇದ್ದವನು. ಮೊದಲು ರೂಮ್ ಅಟೆಂಡೆಂಟ್, ಆಮೇಲೆ ಫ್ಲೋರ್ ಸೂಪರ್‌ವೈಸರ್. ಚಿಕ್ಕಮಗಳೂರು, ಕೊಡಗು, ಬೆಂಗಳೂರು ಮೂರೂ ಕಡೆ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರಾದರೆ ದಾಟಿಸಿ ಓದಿ.

ರಿಸೆಪ್ಷನ್‌ನಲ್ಲಿ ಕೊಟ್ಟ ದುಡ್ಡು ಸಾಮಾನ್ಯವಾಗಿ ಟಿಪ್ಸ್ ಬಾಕ್ಸ್‌ಗೆ ಬೀಳುತ್ತದೆ. ತಿಂಗಳಿಗೊಮ್ಮೆ ಅದನ್ನು ತೆಗೆದು ಅಡುಗೆಮನೆ, ಫ್ರಂಟ್ ಆಫೀಸ್, ಗಾರ್ಡನ್ ಅಂತ ಎಲ್ಲರಿಗೂ ಹಂಚುವ ಹೋಟೆಲ್‌ಗಳಿವೆ. ಅದೇನು ಮೋಸ ಅಲ್ಲ. ಪಾತ್ರೆ ತೊಳೆಯುವವನ ಮುಖವನ್ನೂ ನೀವು ನೋಡಿರುವುದಿಲ್ಲವಲ್ಲ. ಆದರೆ ನಿಮ್ಮ ರೂಮ್ ಮಾಡಿದವನಿಗೇ ತಲುಪಬೇಕು ಅಂತಿದ್ದರೆ ಆ ದಾರಿ ಬೇಡ. ಬಾಕ್ಸ್ ಇಲ್ಲದ ಕಡೆಯಂತೂ ಆ ನೋಟು ಎಲ್ಲಿ ಹೋಯಿತು ಅಂತ ಕೇಳುವವರೇ ಇರುವುದಿಲ್ಲ.

ಕೊನೇ ದಿನ ಒಟ್ಟಿಗೆ ಕೊಡುವುದರಲ್ಲೂ ಒಂದು ತೊಂದರೆ ಇದೆ. ನಾಲ್ಕು ದಿನವೂ ಒಬ್ಬನೇ ಬರುತ್ತಾನೆ ಅಂತಿಲ್ಲ. ವಾರದ ರಜೆ ಇರುತ್ತದೆ, ಫ್ಲೋರ್ ಬದಲಾಗುತ್ತದೆ. ಮೂರು ದಿನ ನಿಮ್ಮ ಮಕ್ಕಳು ಚೆಲ್ಲಿದ ಹಾಲು ಒರೆಸಿದವನು ನಾಲ್ಕನೇ ದಿನ ರಜೆ. ನೀವು ಇಟ್ಟ ಐನೂರು ಅವತ್ತು ಬಂದವನಿಗೆ. ಅದಕ್ಕಿಂತ ಮೊದಲು ಇನ್ನೊಬ್ಬ ಬರುತ್ತಾನೆ. ನೀವು ಚೆಕ್‌ಔಟ್ ಅಂದ ಕೂಡಲೇ ರಿಸೆಪ್ಷನ್‌ನಿಂದ ಮೇಲಕ್ಕೆ ಫೋನ್ ಹೋಗುತ್ತದೆ. ಯಾರೋ ಒಬ್ಬ ಓಡಿ ಬಂದು ಮಿನಿಬಾರ್, ಟವೆಲ್, ಹೇರ್ ಡ್ರೈಯರ್ ಎಲ್ಲ ಇದೆಯಾ ನೋಡುತ್ತಾನೆ. ಟೇಬಲ್ ಮೇಲಿನ ನೋಟು ಮೊದಲು ಕಾಣುವುದು ಅವನಿಗೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ದಿಂಬಿನ ಮೇಲೆ ದಯವಿಟ್ಟು ಬೇಡ. ಸುಮ್ನೆ ಬಿದ್ದಿರುವ ದುಡ್ಡನ್ನು ಒಳ್ಳೆ ಹುಡುಗ ಮುಟ್ಟುವುದಿಲ್ಲ. ಮರೆತು ಹೋದದ್ದಾ, ಕೊಟ್ಟದ್ದಾ ಅವನಿಗೆ ಹೇಗೆ ಗೊತ್ತಾಗಬೇಕು? ಸಂಜೆ ಗೆಸ್ಟ್ ಬಂದು "ಇಲ್ಲಿದ್ದ ದುಡ್ಡೆಲ್ಲಿ?" ಅಂದರೆ ಮೊದಲು ತೆರೆಸುವುದು ಅವನ ಲಾಕರ್. ಹಾಗಾಗಿ ಅವನು ಸೂಪರ್‌ವೈಸರ್‌ಗೆ ಫೋನ್ ಮಾಡುತ್ತಾನೆ, ಸೂಪರ್‌ವೈಸರ್ ಲಾಸ್ಟ್ ಅಂಡ್ ಫೌಂಡ್ ಪುಸ್ತಕದಲ್ಲಿ ಬರೆಯುತ್ತಾನೆ, ನಿಮ್ಮ ಇನ್ನೂರು ಒಂದು ಕವರಿನೊಳಗೆ ಸೇರಿ ಆಫೀಸಿನ ಬೀರುವಿನಲ್ಲಿ ಕೂರುತ್ತದೆ. ರೂಮಿನಲ್ಲಿ ಸಣ್ಣ ಪ್ಯಾಡು, ಪೆನ್ನು ಇಟ್ಟಿರುತ್ತಾರೆ. ಅದರಲ್ಲಿ "ಹೌಸ್‌ಕೀಪಿಂಗ್, ಥ್ಯಾಂಕ್ಸ್" ಅಂತ ಇಂಗ್ಲಿಷಿನಲ್ಲೇ ಬರೆದು, ತಾರೀಖು ಹಾಕಿ, ನೋಟಿನ ಜೊತೆ ಟೀ ಟ್ರೇ ಮೇಲೆ ಇಡಿ. ಇಂಗ್ಲಿಷ್ ಯಾಕೆ ಅಂದರೆ ಕೊಡಗಿನ ರೆಸಾರ್ಟ್‌ಗಳಲ್ಲಿ ಅಸ್ಸಾಂ, ಜಾರ್ಖಂಡ್, ಒಡಿಶಾ, ನೇಪಾಳದ ಹುಡುಗರು ತುಂಬಾ ಇದ್ದಾರೆ. ಕನ್ನಡ ಮಾತು ಅರ್ಧಂಬರ್ಧ ಕಲಿತಿರುತ್ತಾರೆ, ಓದಲು ಬರುವುದಿಲ್ಲ.

ಕೈಗೇ ಕೊಟ್ಟರೆ ಇದ್ಯಾವ ರಗಳೆಯೂ ಇಲ್ಲ. ಬೆಳಗ್ಗೆ ತಿಂಡಿಗೆ ಹೊರಟಾಗ ಕಾರಿಡಾರ್‌ನಲ್ಲಿ ಟ್ರಾಲಿ ನಿಂತಿರುತ್ತದೆ. "ಈ ರೂಮ್ ಇವತ್ತು ನೀವೇ ಮಾಡೋದಾ?" ಅಂತ ಕೇಳಿ ಕೊಟ್ಟುಬಿಡಿ.

ಸಾಧಾರಣ ಲಾಡ್ಜ್ ಆದರೆ ದಿನಕ್ಕೆ ಐವತ್ತು, ನಿಮ್ಮ ರೆಸಾರ್ಟ್ ಥರದ ಕಡೆ ರೂಮಿಗೆ ನೂರು. ಮಕ್ಕಳು ಮಾಡುವ ಗಲೀಜು ನೋಡಿ ಜಾಸ್ತಿ ಮಾಡಬಹುದು. ರೂಮಿನ ಬಾಡಿಗೆಯ ಮೇಲೆ ಶೇಕಡಾ ಲೆಕ್ಕ ಹಾಕಬೇಡಿ, ಆ ಲೆಕ್ಕ ಊಟದ ಬಿಲ್ಲಿಗೆ.

ಗಾಂಧಿಬಜಾರ್ ಗಿರಾಕಿ

ಇಷ್ಟುದ್ದ ಬರೆದಿರಿ, ನನ್ನ ಪ್ರಶ್ನೆ ಹಾಗೇ ಉಳಿಯಿತು. ಸಂಬಳ ಕೊಡಬೇಕಾದವರು ಯಾರು? ನಾನಾ, ಓನರ್ರಾ?

ಟ್ರಾಲಿ ತಳ್ಳಿದವನು

ಓನರ್ರೇ, ಸರ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆಸ್ಟ್‌ಗಳು ನೂರು ರೂಪಾಯಿ ಉಳಿಸಿದರು ಅಂತ ಸಂಬಳ ಏರಿಸಿದ ಓನರ್ ಒಬ್ಬರನ್ನೂ ನಾನು ಕಂಡಿಲ್ಲ.

ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ನೋಡಿ. ಹನ್ನೊಂದಕ್ಕೆ ಚೆಕ್‌ಔಟ್. ಒಂದು, ಎರಡು ಗಂಟೆಗೆ ಮುಂದಿನವರ ಚೆಕ್‌ಇನ್. ಶನಿವಾರ, ಭಾನುವಾರ ಫ್ಲೋರಿಗೆ ಫ್ಲೋರೇ ಖಾಲಿಯಾಗಿ ಅದೇ ಎರಡು ಮೂರು ಗಂಟೆಯಲ್ಲಿ ಮತ್ತೆ ತುಂಬಬೇಕು. ಒಬ್ಬನಿಗೆ ಹನ್ನೆರಡರಿಂದ ಹದಿನೈದು ರೂಮ್ ಸಾಮಾನ್ಯ. ದೊಡ್ಡ ಹಾಸಿಗೆಯ ನಾಲ್ಕು ಮೂಲೆಯನ್ನೂ ಒಂದೊಂದಾಗಿ ಎತ್ತಿ ಶೀಟ್ ಒಳಗೆ ಸೇರಿಸಬೇಕು. ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತಳ್ಳುವುದು. ಹತ್ತನೇ ರೂಮಿನ ಹೊತ್ತಿಗೆ ಸೊಂಟ ಇದೆಯೋ ಇಲ್ಲವೋ ಅನ್ನಿಸುತ್ತದೆ. ಆಮೇಲೆ ಬಾತ್‌ರೂಮ್. ಕೆಮಿಕಲ್ ಹಾಕಿ ಉಜ್ಜಿ, ಗಾಜಿನ ಮೇಲೆ ನೀರಿನ ಒಂದು ಹನಿಯೂ ಉಳಿಯದ ಹಾಗೆ ಒರೆಸಿ, ಕೊನೆಗೆ ಹಿಂದಕ್ಕೆ ನಡೆಯುತ್ತಾ ನೆಲ ಒರೆಸಿಕೊಂಡು ಹೊರಗೆ ಬರಬೇಕು. ನಿಮ್ಮದೇ ಹೆಜ್ಜೆ ಗುರುತು ಉಳಿಯಬಾರದು.

ಕೊಡಗಿನ ಮಳೆಗಾಲದ ಕಥೆ ಬೇರೆಯೇ. ಕೆಂಪು ಮಣ್ಣಿನ ಶೂ ಹಾಕಿಕೊಂಡೇ ಒಳಗೆ ಬರುತ್ತಾರೆ. ತೋಟ ಸುತ್ತಿ ಬಂದವರ ಕಾಲಿಗೆ ಇಂಬಳ ಹತ್ತಿರುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಬೇಗ ನಿಲ್ಲುವುದೂ ಇಲ್ಲ. ಹಾಗೇ ಮಲಗಿಬಿಡುತ್ತಾರೆ. ಬೆಳಗ್ಗೆ ಬಿಳಿ ಶೀಟಿನ ಮೇಲೆ ಅಲ್ಲಲ್ಲಿ ರಕ್ತದ ಕಲೆ. ಅದನ್ನು ಬಿಸಿ ನೀರಿಗೆ ಹಾಕಿದರೆ ಕಲೆ ಕೂತೇಬಿಡುತ್ತದೆ, ತಣ್ಣೀರಲ್ಲೇ ಉಜ್ಜಬೇಕು. ಮದುವೆ ಪಾರ್ಟಿ ಬಂದರೆ ಟವೆಲ್ ತುಂಬಾ ಅರಿಸಿನ, ಮೆಹಂದಿ. ಕಲೆ ಹೋಗದಿದ್ದರೆ "ಯಾಕೆ ನೋಡಲಿಲ್ಲ, ಗೆಸ್ಟ್ ಇರುವಾಗಲೇ ಯಾಕೆ ಹೇಳಲಿಲ್ಲ" ಅಂತ ಬೈಗುಳ ಹುಡುಗನಿಗೆ.

ಎಷ್ಟೋ ಕಡೆ ಇವರು ಹೋಟೆಲ್ಲಿನ ಕೆಲಸದವರೂ ಅಲ್ಲ, ಕಾಂಟ್ರ್ಯಾಕ್ಟ್ ಏಜೆನ್ಸಿಯ ಕಡೆಯವರು. ರೂಮಿನ ರೇಟ್ ಸೀಸನ್‌ನಲ್ಲಿ ಡಬಲ್ ಆಗುತ್ತದೆ, ಇವರ ಸಂಬಳ ಆಗುವುದಿಲ್ಲ.

ಗಾಂಧಿಬಜಾರ್ ಗಿರಾಕಿ

ಇಂಬಳದ ವಿಷಯ ಗೊತ್ತಿರಲಿಲ್ಲ. ಆದರೂ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಹಾಕುತ್ತಾರಲ್ಲ, ಅದು ಯಾರಿಗೆ ಹೋಗುತ್ತದೆ? ಅದನ್ನೂ ಕೊಟ್ಟು ಇದನ್ನೂ ಕೊಡಬೇಕಾ?

ಬಿಲ್ಲು ಓದುವವಳು

ಸರ್ವಿಸ್ ಚಾರ್ಜ್ ಬಗ್ಗೆ ಸ್ಪಷ್ಟ ಮಾಡಿಬಿಡುತ್ತೇನೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್, ರೆಸ್ಟೋರೆಂಟ್‌ಗಳು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಅಂತ ಅದರಲ್ಲಿದೆ. ಹೋಟೆಲ್ ಮಾಲೀಕರ ಸಂಘಗಳು ಕೋರ್ಟಿಗೆ ಹೋದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಅನ್ನಿ. ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಜಿಎಸ್‌ಟಿಯನ್ನು ಇದರ ಜೊತೆ ಸೇರಿಸಿಕೊಳ್ಳಬೇಡಿ. ಅದು ಸರ್ಕಾರಕ್ಕೆ ಹೋಗುವ ತೆರಿಗೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5, ಮೊದಲು ಶೇ. 12 ಇತ್ತು. ಗಿರಾಕಿ ಸರ್, ಆರೇಳು ಸಾವಿರದ ರೂಮಿಗೆ ಈಗ ರಾತ್ರಿಗೆ ನಾನೂರರ ಮೇಲೆ ತೆರಿಗೆ ಉಳಿಯುತ್ತದೆ. ಅದರಲ್ಲಿ ನೂರು ಆ ಹುಡುಗನಿಗೆ ಹೋದರೆ ನಿಮ್ಮ ಗಂಟೇನೂ ಹೋಗುವುದಿಲ್ಲ ಅಲ್ವಾ?

ಗಾಂಧಿಬಜಾರ್ ಗಿರಾಕಿ

ರೇಟ್ ಇಳಿಸಿದರಾ, ಬೇಸ್ ರೇಟ್ ಏರಿಸಿದರಾ, ಅದನ್ನೂ ನೋಡಿ ಮೇಡಂ. 🙂

ಡಲ್ಲಾಸ್ ಮನೆ

ಅಮೆರಿಕಕ್ಕೆ ಬರುವವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಊರಿಂದ ಅಪ್ಪ ಅಮ್ಮ ಬಂದಾಗ ನಯಾಗರ, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್ ಅಂತ ಹೋಟೆಲ್‌ಗಳಲ್ಲಿ ಉಳಿಯುತ್ತೇವಲ್ಲ, ಅಲ್ಲೆಲ್ಲ ಇದೇ ಪ್ರಶ್ನೆ ಬರುತ್ತದೆ.

ಇಲ್ಲಿಯ ಹೋಟೆಲ್ ಉದ್ಯಮದ ಸಂಘಟನೆಯೇ ರಾತ್ರಿಗೆ 1ರಿಂದ 5 ಡಾಲರ್ ಅಂತ ಹೇಳುತ್ತದೆ. ದಿನಾ ಬೆಳಗ್ಗೆ ಇಡಿ, ಚೀಟಿ ಬರೆದಿಡಿ ಅನ್ನುವುದು ಇಲ್ಲೂ ಅದೇ. ಕಾರಣವೂ ಅದೇ. ನಾವು ಸಾಧಾರಣವಾಗಿ ಮೂರು ಡಾಲರ್ ಇಡುತ್ತೇವೆ, ಸೋಫಾ ಬೆಡ್ ಬಿಚ್ಚಿ ಐದು ಜನ ಮಲಗಿದ್ದರೆ ಐದು.

ರೆಸ್ಟೋರೆಂಟ್ ಸರ್ವರ್‌ಗಳಿಗೆ ಇಲ್ಲಿ ಎಲ್ಲರೂ ಕೊಡುತ್ತಾರೆ. ಕೇಂದ್ರ ಕಾನೂನಿನ ಪ್ರಕಾರ ಅವರಿಗೆ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ಟರೂ ನಡೆಯುತ್ತದೆ, ಉಳಿದದ್ದು ಟಿಪ್ಸ್‌ನಿಂದ ತುಂಬಬೇಕು. 1991ರಿಂದ ಆ ಅಂಕಿ ಅಲ್ಲೇ ಇದೆ. ಎಷ್ಟೋ ರಾಜ್ಯಗಳು ಜಾಸ್ತಿ ಮಾಡಿಕೊಂಡಿವೆ, ನಮ್ಮ ಟೆಕ್ಸಸ್ ಮಾಡಿಲ್ಲ. ರೂಮ್ ಕ್ಲೀನ್ ಮಾಡುವವರಿಗೆ ಸಾಮಾನ್ಯವಾಗಿ ಪೂರ್ತಿ ಕನಿಷ್ಠ ವೇತನ ಸಿಗುತ್ತದೆ. ಕೇಂದ್ರದ ಲೆಕ್ಕದಲ್ಲಿ ಅದು 7.25 ಡಾಲರ್, ಅದೂ 2009ರಿಂದ ಏರಿಲ್ಲ. ಸಂಬಳ ಇದೆಯಲ್ಲ ಅಂತ ಜನ ಇವರನ್ನು ಬಿಟ್ಟುಬಿಡುತ್ತಾರೆ. ಊಟ ತಂದಿಟ್ಟವನಿಗೆ ಹದಿನೆಂಟು ಪರ್ಸೆಂಟ್, ಕಕ್ಕಸು ತೊಳೆದವಳಿಗೆ ಸೊನ್ನೆ.

ಗಿರಾಕಿಯವರು ಕೇಳಿದ ಪ್ರಶ್ನೆ ಇಲ್ಲೂ ಎದ್ದಿತ್ತು. 2014ರಲ್ಲಿ ಮ್ಯಾರಿಯಟ್‌ನವರು ರೂಮುಗಳಲ್ಲಿ ಟಿಪ್ಸ್ ಹಾಕಲು ಒಂದು ಲಕೋಟೆ ಇಡಲು ಶುರು ಮಾಡಿದರು. ಸಂಬಳ ಏರಿಸುವುದು ಬಿಟ್ಟು ಗಿರಾಕಿಯ ಮೇಲೆ ಹೊರೆ ಹಾಕುತ್ತಾರೆ ಅಂತ ಟೀಕೆ ಬಂತು. 2018ರಲ್ಲಿ ಅದೇ ಕಂಪನಿಯ ಹೋಟೆಲ್‌ಗಳಲ್ಲಿ ಬಾಸ್ಟನ್, ಸ್ಯಾನ್ ಫ್ರಾನ್ಸಿಸ್ಕೊ, ಹವಾಯಿ ಸೇರಿ ಹಲವು ಕಡೆ ಸಾವಿರಾರು ಕೆಲಸಗಾರರು ಮುಷ್ಕರ ಮಾಡಿದರು. ಬದುಕಲು ಒಂದೇ ಕೆಲಸ ಸಾಕಾಗಬೇಕು ಅನ್ನುವುದು ಅವರ ಘೋಷಣೆ. ಅವರಲ್ಲಿ ರೂಮ್ ಕ್ಲೀನ್ ಮಾಡುವ ಹೆಂಗಸರು ಬಹಳ ಜನ ಇದ್ದರು. ಸಂಬಳ ಏರಿಸಿದ್ದು ಆ ಮುಷ್ಕರ, ಲಕೋಟೆ ಅಲ್ಲ. ಆದರೂ ನಾನು ಇಡುತ್ತೇನೆ. ಮುಷ್ಕರಕ್ಕೂ ಮೂರು ಡಾಲರ್‌ಗೂ ಜಗಳ ಏನಿದೆ?

ಇನ್ನೊಂದು. ಕೋವಿಡ್ ಆದ ಮೇಲೆ ಇಲ್ಲಿ ಎಷ್ಟೋ ಹೋಟೆಲ್‌ಗಳು ದಿನಾ ಕ್ಲೀನ್ ಮಾಡುವುದಿಲ್ಲ, ಕೇಳಿದರೆ ಮಾತ್ರ ಬರುತ್ತಾರೆ. ಹಾಗಾದರೆ ದಿನಾ ಇಡಬೇಕಿಲ್ಲ. ಆದರೆ ಹೊರಡುವ ದಿನ ಖಂಡಿತ ಇಡಿ. ನಾಲ್ಕು ದಿನದ ಕಸ, ಟವೆಲ್ಲು, ಬಾತ್‌ರೂಮು ಎಲ್ಲ ಒಬ್ಬಳ ತಲೆಗೆ ಬಂದಿರುತ್ತದೆ, ಸಮಯ ಮಾತ್ರ ಮೊದಲಿನಷ್ಟೇ.

ಮಗಳ ಮನೆಗೆ ಹೊರಟವರು

ಡಲ್ಲಾಸ್ ಮನೆಯವರೇ, ನಾವು ಮೇ ತಿಂಗಳಲ್ಲಿ ಹೊರಡುತ್ತೇವೆ. ಬ್ಯಾಂಕಿನಲ್ಲಿ ನೂರು ಡಾಲರ್ ನೋಟುಗಳನ್ನೇ ಕೊಟ್ಟಿದ್ದಾರೆ. ಚಿಲ್ಲರೆಗೆ ಏನು ಮಾಡುವುದು? ಅಳಿಯಂದಿರನ್ನು ಮೂರು ಡಾಲರ್ ಕೇಳಲು ನಮ್ಮ ಮನೆಯವರಿಗೆ ಸಂಕೋಚ.

ಡಲ್ಲಾಸ್ ಮನೆ

ಅಮ್ಮ, ಬಂದ ಮೇಲೆ ಯಾವುದಾದರೂ ಬ್ಯಾಂಕಿನ ಕೌಂಟರ್‌ನಲ್ಲಿ ಒಂದು ಡಾಲರ್ ನೋಟುಗಳ ಕಟ್ಟು ತೆಗೆಸಿಕೊಡಿ ಅಂತ ಮಗಳಿಗೆ ಹೇಳಿ. ಬೇರೆ ಬೇರೆ ಕಡೆ ಬೇಕಾಗುತ್ತದೆ. ಹೋಟೆಲ್ಲಿನ ರಿಸೆಪ್ಷನ್‌ನಲ್ಲೂ ಇಪ್ಪತ್ತಕ್ಕೆ ಚಿಲ್ಲರೆ ಕೊಡುತ್ತಾರೆ. ನೂರರ ನೋಟಿಗೆ ಕೆಲವರು ಮುಖ ಸಿಂಡರಿಸುತ್ತಾರೆ.

ಟ್ರಾಲಿ ತಳ್ಳಿದವನು

ಚಿಲ್ಲರೆ ಅಂದಾಗ ನೆನಪಾಯಿತು. ಬೆಂಗಳೂರಲ್ಲಿ ಫಾರಿನ್ ಗೆಸ್ಟ್‌ಗಳು ಹೋಗುವಾಗ ಜೇಬಲ್ಲಿ ಉಳಿದ ಯೂರೋ, ಪೌಂಡ್ ನಾಣ್ಯ ಎಲ್ಲ ಟೇಬಲ್ ಮೇಲೆ ಸುರಿದು ಹೋಗುತ್ತಿದ್ದರು. ಪ್ರೀತಿಯಿಂದಲೇ. ಆದರೆ ನಾಣ್ಯವನ್ನು ಇಲ್ಲಿ ಮನಿ ಚೇಂಜರ್‌ಗಳು ತೆಗೆದುಕೊಳ್ಳುವುದಿಲ್ಲ, ನೋಟು ಮಾತ್ರ. ನಮ್ಮ ಹುಡುಗರ ಲಾಕರ್‌ನಲ್ಲಿ ಅಂಥ ನಾಣ್ಯ ಡಬ್ಬಿಗಟ್ಟಲೆ ಇತ್ತು. ನೀವು ಹೊರದೇಶಕ್ಕೆ ಹೋದಾಗ ನಮ್ಮ ಹತ್ತು ರೂಪಾಯಿ ನಾಣ್ಯ ಇಟ್ಟು ಬರಬೇಡಿ.

ಒಸಾಕಾ ಒಂಟಿ

ಜಪಾನಿಗೆ ಬರುವವರು ಈ ಇಡೀ ಚರ್ಚೆ ಮರೆತುಬಿಡಿ. ಇಲ್ಲಿ ಟಿಪ್ಸ್ ಪದ್ಧತಿ ಇಲ್ಲ. ಟೇಬಲ್ ಮೇಲೆ ದುಡ್ಡು ಬಿಟ್ಟರೆ ಮರೆತು ಹೋಗಿದ್ದೀರಿ ಅಂತ ಹಿಂದೆಯೇ ಓಡಿ ಬಂದು ಕೊಡುತ್ತಾರೆ. ಹಳೇ ಕಾಲದ ರ‍್ಯೋಕನ್ ವಸತಿಗಳಲ್ಲಿ ನೋಡಿಕೊಳ್ಳುವ ಹೆಂಗಸಿಗೆ ಸಣ್ಣ ಲಕೋಟೆಯಲ್ಲಿ ಹಾಕಿ ಕೊಡುವ ರೂಢಿ ಇದೆ, ಅದೂ ಕಡ್ಡಾಯ ಏನಲ್ಲ. ಬರಿಗೈಯಲ್ಲಿ ನೋಟು ಹಿಡಿದು ಮಾತ್ರ ಕೊಡಬೇಡಿ.

ತೋಟದ ಮನೆ

ನಮ್ಮದು ಸೋಮವಾರಪೇಟೆ ಕಡೆ ಚಿಕ್ಕ ಹೋಂಸ್ಟೇ. ಓನರ್ ಕಡೆಯಿಂದಲೂ ಒಂದು ಮಾತು. ಎಲ್ಲ ಓನರ್‌ಗಳನ್ನೂ ಒಂದೇ ಏಟಿಗೆ ಬೈಯಬೇಡಿ.

ನಮ್ಮಲ್ಲಿ ರೂಮ್ ಮಾಡುವುದು ಲೈನ್ ಮನೆಯಲ್ಲಿರುವ (ತೋಟದ ಕೆಲಸದವರ ಸಾಲುಮನೆ) ಇಬ್ಬರು ಹೆಂಗಸರು. ಬೆಳಗ್ಗೆ ಕಾಫಿ ಕಣದ ಕೆಲಸ, ಗೆಸ್ಟ್ ಇದ್ದ ದಿನ ರೂಮಿನ ಕೆಲಸ. ರೂಮಿನ ಕೆಲಸಕ್ಕೆ ಬೇರೆ ಕೂಲಿ ಕೊಡುತ್ತೇವೆ. ಗೆಸ್ಟ್‌ಗಳು ಹೋಗುವಾಗ ನನ್ನ ಕೈಗೆ ಐನೂರು ತುರುಕಿ "ಅವರಿಗೆ ಕೊಡಿ" ಅನ್ನುತ್ತಾರೆ. ನನಗೆ ಅದು ಕಿರಿಕಿರಿ. ನಾನು ಪೂರ್ತಿ ಕೊಟ್ಟರೂ ಅವರಿಗೆ ಅನುಮಾನ, "ಸಾವಿರ ಕೊಟ್ಟಿದ್ರೇನೋ" ಅಂತ. ಈಗ ನಾನು ಕೈಗೇ ತೆಗೆದುಕೊಳ್ಳುವುದಿಲ್ಲ. "ಅಕ್ಕ ಹಿಂದುಗಡೆ ಇದ್ದಾರೆ, ನೀವೇ ಕೊಡಿ" ಅನ್ನುತ್ತೇನೆ. ಹೋಂಸ್ಟೇಯಲ್ಲಿ ಅವರು ಕಣ್ಣೆದುರೇ ಇರುತ್ತಾರೆ, ಚೀಟಿ ಗೀಟಿ ಬೇಡ. ಓನರ್‌ಗೆ ಟಿಪ್ಸ್ ಕೊಡುವುದೂ ಬೇಡ. ಒಬ್ಬರು ನನಗೇ ಐವತ್ತು ಕೊಟ್ಟು "ಕಾಫಿ ಕುಡೀರಿ" ಅಂದರು. ಕಾಫಿ ನಮ್ಮದೇ ತೋಟದ್ದು!

ಐಟಿ ಪಾರ್ಕ್ ಅಣ್ಣ

ಕ್ಯಾಶ್ ಇಟ್ಟುಕೊಳ್ಳುವ ಕಾಲ ಹೋಯಿತಲ್ಲ. ಯುಪಿಐ ಮಾಡಿದರೆ ಆಗಲ್ವಾ? ಈಗ ಕೆಲವು ಹೋಟೆಲ್‌ಗಳಲ್ಲಿ ಟಿಪ್ಸ್‌ಗೆ ಅಂತಲೇ ಕ್ಯೂಆರ್ ಕಾರ್ಡ್ ಇಟ್ಟಿರುತ್ತಾರೆ.

ಟ್ರಾಲಿ ತಳ್ಳಿದವನು

ಆ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಯಾರ ಹೆಸರು ಬರುತ್ತದೆ ನೋಡಿ, ಅಷ್ಟೇ. ಹೋಟೆಲ್ ಹೆಸರು ಬಂದರೆ ಅದೂ ಬಾಕ್ಸ್ ಇದ್ದ ಹಾಗೆಯೇ. ಹುಡುಗನ ನಂಬರ್‌ಗೇ ಹಾಕುತ್ತೇನೆ ಅಂದರೆ ಅವನು ಹಿಂದೆ ಮುಂದೆ ನೋಡುತ್ತಾನೆ. ಡ್ಯೂಟಿಯಲ್ಲಿ ಫೋನ್ ಬಳಸಬಾರದು ಅಂತ ಎಷ್ಟೋ ಕಡೆ ರೂಲ್ಸ್ ಇದೆ. ಗೆಸ್ಟ್ ಹತ್ತಿರ ನಂಬರ್ ಕೊಟ್ಟ ಅಂತ ದೂರು ಬಂದರೂ ಕಷ್ಟ, ಹುಡುಗಿಯರಿಗಂತೂ ಇನ್ನೂ ಕಷ್ಟ. ಹೆಣ್ಣುಮಕ್ಕಳ ನಂಬರ್ ಕೇಳಲೇಬೇಡಿ. ಹೊರಡುವ ಮೊದಲು ಎಟಿಎಂನಿಂದ ನೂರರ ನೋಟು ನಾಲ್ಕೈದು ತೆಗೆದಿಟ್ಟುಕೊಳ್ಳಿ.

ಗಾಂಧಿಬಜಾರ್ ಗಿರಾಕಿ

ನಾನು ಕೊಡುವವನಲ್ಲ ಅಂತಲೇ ಇಟ್ಟುಕೊಳ್ಳಿ. ದುಡ್ಡು ಕೊಡದೆ ಅವರ ಕೆಲಸ ಹಗುರ ಮಾಡಲು ಏನಾದರೂ ಇದೆಯಾ? ತಮಾಷೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಟ್ರಾಲಿ ತಳ್ಳಿದವನು

ಇದೆ ಸರ್. ಒದ್ದೆ ಟವೆಲ್ ಎಲ್ಲ ಬಾತ್‌ರೂಮಿನ ಒಂದು ಮೂಲೆಗೆ ಹಾಕಿ, ಹಾಸಿಗೆ ಮೇಲೆ ಬೇಡ. ಊಟ ಉಳಿದಿದ್ದರೆ ಕವರ್‌ಗೆ ಕಟ್ಟಿ. ಬ್ಲೇಡ್, ಇನ್ಸುಲಿನ್ ಸೂಜಿ ಬರಿದೇ ಕಸದ ಬುಟ್ಟಿಗೆ ಎಸೆಯಬೇಡಿ. ಕಸ ತೆಗೆಯುವಾಗ ಕೈಗೆ ಚುಚ್ಚಿಸಿಕೊಂಡ ಹುಡುಗರು ನನಗೆ ಗೊತ್ತು. ಖಾಲಿ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿ. ಡಿಸ್ಟರ್ಬ್ ಮಾಡಬೇಡಿ ಅನ್ನುವ ಬೋರ್ಡ್ ಹೊರಗೆ ಹೋಗುವಾಗ ತೆಗೆಯಿರಿ. ಅದನ್ನು ಸಂಜೆವರೆಗೆ ನೇತುಹಾಕಿ, ಶಿಫ್ಟ್ ಮುಗಿಯುವ ಹೊತ್ತಿಗೆ ಫೋನ್ ಮಾಡಿ ಕ್ಲೀನ್ ಮಾಡಿ ಅಂದರೆ ಅವನ ಬಸ್ ತಪ್ಪುತ್ತದೆ.

ಮತ್ತೆ, ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ ಅವನ ಹೆಸರು ಬರೆಯಿರಿ. ನೇಮ್ ಬ್ಯಾಡ್ಜ್ ಇರುತ್ತದೆ. ಆನ್‌ಲೈನ್ ರಿವ್ಯೂನಲ್ಲಿ ಹೆಸರು ಬಂದರೆ ಮ್ಯಾನೇಜರ್ ಬೆಳಗಿನ ಮೀಟಿಂಗ್‌ನಲ್ಲಿ ಓದುತ್ತಾರೆ. ಇನ್‌ಕ್ರಿಮೆಂಟ್ ಹೊತ್ತಿಗೆ ಅದು ಲೆಕ್ಕಕ್ಕೆ ಬರುತ್ತದೆ.

ಹಾಸನದ ಹೈದ

ಎಲ್ಲರಿಗೂ ಧನ್ಯವಾದ. ಎರಡು ರೂಮಿಗೂ ದಿನಾ ನೂರು ನೂರು, ಸಾಧ್ಯವಾದರೆ ಕೈಗೆ, ಇಲ್ಲದಿದ್ದರೆ ಚೀಟಿ ಜೊತೆ. ಅಪ್ಪನಿಗೆ ಇಂಬಳದ ಭಾಗ ಓದಿ ಹೇಳಿದೆ. "ನಮ್ಮ ರೂಮಿಂದು ನಾನೇ ಕೊಡ್ತೀನಿ" ಅಂದರು.

ಈಗ ಅಮ್ಮನದು ಹೊಸ ಪ್ರಶ್ನೆ. ರೂಮ್ ಮಾಡುವವರು ಹೆಂಗಸರಾದರೆ ಒಂದೆರಡು ಸೀರೆ, ಮನೆಯಲ್ಲಿ ಮಾಡಿದ ಕೋಡುಬಳೆ ಕೊಡಬೇಕು ಅಂತಾರೆ. ಕೊಡಬಹುದಾ?

ಟ್ರಾಲಿ ತಳ್ಳಿದವನು

ಕೋಡುಬಳೆ ಅಲ್ಲೇ ಕೈಗೆ ಕೊಡಿ, ಸ್ಟಾಫ್ ಕ್ಯಾಂಟೀನ್ ತಲುಪುವ ಮೊದಲೇ ಖಾಲಿಯಾಗುತ್ತದೆ. ಸೀರೆ ಕೊಡಬಹುದು, ಆದರೆ ಸುಮ್ನೆ ಕೊಟ್ಟು ಬರಬೇಡಿ. ಡ್ಯೂಟಿ ಮುಗಿಸಿ ಹೊರಡುವಾಗ ಗೇಟಿನಲ್ಲಿ ಸೆಕ್ಯೂರಿಟಿಯವರು ಬ್ಯಾಗ್ ತೆಗೆಸಿ ನೋಡುತ್ತಾರೆ. ಗೆಸ್ಟ್ ಕೊಟ್ಟದ್ದು ಅಂತ ಬಾಯಲ್ಲಿ ಹೇಳಿದರೆ ಒಪ್ಪುವುದಿಲ್ಲ. ರೂಮ್ ನಂಬರ್, ತಾರೀಖು, ಏನು ಕೊಟ್ಟಿರಿ, ಯಾರಿಗೆ ಅಂತ ಪ್ಯಾಡಿನಲ್ಲಿ ಬರೆದು ಅಮ್ಮನ ಕೈಲಿ ಸಹಿ ಹಾಕಿಸಿ ಸೀರೆ ಜೊತೆ ಕೊಡಿ. ಅದನ್ನು ತೋರಿಸಿ ಅವರು ಸೂಪರ್‌ವೈಸರ್ ಹತ್ತಿರ ಗೇಟ್ ಪಾಸ್ ಮಾಡಿಸಿಕೊಳ್ಳುತ್ತಾರೆ. ನೀವು ಚೆಕ್‌ಔಟ್ ಆಗುವ ಮೊದಲೇ ಇದು ಮುಗಿಯಲಿ. ಗೆಸ್ಟ್ ಹೋದ ಮೇಲಾದರೆ ನಿಮಗೆ ಫೋನ್ ಮಾಡಿ ಕೇಳಿಯೇ ಪಾಸ್ ಕೊಡುವುದು, ಆಗ ನೀವು ಕುಶಾಲನಗರ ದಾಟಿರುತ್ತೀರಿ.